ರೇಸ್ ಕಾರಿಗೆ ಹೋದ ಗಾಳಣಿ

ನಮ್ಮ ಮನೆಯಲ್ಲಿ ಸುಮಾರು ಒಂದು ವರ್ಷ ಚಹಾವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಕುಡಿದಿದ್ದೇವೆ. ಗಾಳಣಿ ಇರಲಿಲ್ಲವೆಂದಲ್ಲ, ಇತ್ತು. ಒಂದು ಮಧ್ಯಾಹ್ನ ನಾನು ಡೊಂಬಿವಲಿ ಸ್ಟೇಷನ್ ಪಕ್ಕದ ಅಂಗಡಿಯಿಂದ ದಾರದ ರೀಲು ತರುವಷ್ಟರಲ್ಲಿ ಅದರ ಸ್ಟೀಲಿನ ಜಾಲರಿಯನ್ನು ಯಾರೋ ಸುತ್ತಲೂ ಕತ್ತರಿಸಿ ತೆಗೆದಿದ್ದರು. ಹಿಡಿಕೆ ಮತ್ತು ಬಳೆ ಮಾತ್ರ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ಯಾರೋ ಎಂದು ಯಾಕೆ ಬರೆಯಬೇಕು? ನನ್ನ ಗಂಡ ಚೆನ್ನಯ.

"ಇದೆಂತ ಮಾರಾಯ್ರೆ?" ಎಂದೆ.

"ರೇಡಿಯೇಟರಿಗೆ ಸರಿ ಆಯ್ತು ಅದು," ಎಂದರು, ತಲೆ ಎತ್ತದೆ.

"ನಾನಿನ್ನು ಚಾ ಎಂತದರಲ್ಲಿ ಸೋಸುದು?"

"ನೋಡುವ."

ಈ 'ನೋಡುವ'ದ ಜೊತೆ ನಾನು ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೆ. ನಲ್ಲಿ ಸೋರುತ್ತಿದೆ, ನೋಡುವ. ಊರಿನಲ್ಲಿ ತಂಗಿಯ ಮದುವೆ, ಟಿಕೆಟ್ ತೆಗೆಸಬೇಕು, ನೋಡುವ. ಕಂಪೆನಿ ಮುಚ್ಚಿ ವರ್ಷವಾಯಿತು, ಮುಂದೇನು, ನೋಡುವ. ಅವತ್ತು ನನಗೆ ತಡೆಯಲಿಲ್ಲ. ಹಿಡಿಕೆಯನ್ನು ಅವರ ಮುಂದೆ ಎಸೆದು ಹೇಳಿಬಿಟ್ಟೆ: "ಹೊಸ ಗಾಳಣಿ ನಾನು ತರುದಿಲ್ಲ. ನಿಮಗೆ ಕೆಲಸ ಸಿಕ್ಕಿದ ದಿನ ನೀವೇ ತನ್ನಿ. ಅಲ್ಲಿವರೆಗೆ ಈ ಮನೆಗೆ ಗಾಳಣಿ ಬೇಡ."

ಹಾಗೆ ಹೇಳಬಾರದಿತ್ತು. ಹೇಳಿದ ಕೂಡಲೇ ನನಗೂ ಗೊತ್ತಾಯಿತು. ಆದರೆ ಅವರು ಬೇಸರವನ್ನೂ ತೋರಿಸಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಹಿಡಿಕೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಅದರಿಂದ ಏನಾದರೂ ಮಾಡಲು ಬರುತ್ತದೋ ಎಂದು ಯೋಚಿಸುತ್ತಿದ್ದರು. ಬಂತು ಕೂಡ. ಮರುದಿನ ಆ ಹಿಡಿಕೆಯೂ ಕಾಣೆಯಾಗಿ, ಇವರು ಜೋಡಿಸುತ್ತಿದ್ದ ಮಾದರಿ ಕಾರಿನ ಹೊಗೆ ಕೊಳವೆಯನ್ನು ಹಿಡಿದಿಡುವ ಪಟ್ಟಿಯಾಯಿತು.

ಇವರು ಹದಿನಾರನೆಯ ವಯಸ್ಸಿಗೆ ಕಾಪುವಿನ ಕಡೆಯಿಂದ ಮುಂಬಯಿಗೆ ಬಂದವರು. ಮೊದಲು ಠಾಣೆ ಪಟ್ಟಣದ ನಾಕಾದಲ್ಲಿ ಸಂಬಂಧಿಕರ ಹೊಟೇಲಿನಲ್ಲಿ ಮೇಜು ಒರೆಸಿದರು. ಅಲ್ಲಿಂದ ಹೇಗೋ ತುರ್ಭೆಯ ಒಂದು ಕಾರ್ಖಾನೆಗೆ ಹೆಲ್ಪರಾಗಿ ಸೇರಿ, ನೋಡಿ ನೋಡಿಯೇ ಕೆಲಸ ಕಲಿತು, ಅಲ್ಲಿನ ಟೂಲ್ ರೂಮಿನಲ್ಲಿ ಇಪ್ಪತ್ತನಾಲ್ಕು ವರ್ಷ ನಿಂತರು. ಪ್ಲಾಸ್ಟಿಕ್ ಮುಚ್ಚಳ, ಗುಂಡಿ, ಸ್ವಿಚ್ಚು ಇವನ್ನೆಲ್ಲ ಒತ್ತಿ ತೆಗೆಯುವ ಉಕ್ಕಿನ ಅಚ್ಚುಗಳನ್ನು ಅರದಿಂದ ಉಜ್ಜಿ ಕೂದಲೆಳೆಯ ಅಳತೆಗೆ ತರುವುದು ಇವರ ಕೆಲಸ. 2008ರಲ್ಲಿ ಕಾರ್ಖಾನೆ ಮುಚ್ಚಿತು, ಭಂಗಾರದವರು, ಅಂದರೆ ಗುಜರಿಯವರು, ಬಂದು ಯಂತ್ರಗಳನ್ನು ಹೊತ್ತುಕೊಂಡು ಹೋದರು. ಆಮೇಲೆ ಎಲ್ಲಿ ಕೆಲಸ ಕೇಳಿದರೂ ಒಂದೇ ಮಾತು: ಐಟಿಐ ಸರ್ಟಿಫಿಕೇಟು ಎಲ್ಲಿ? ಇವರ ಹತ್ತಿರ ಶಾಲೆ ಬಿಟ್ಟ ಸರ್ಟಿಫಿಕೇಟು ಕೂಡ ಸರಿಯಾಗಿರಲಿಲ್ಲ. ಅದೇ ಠಾಣೆಯ ಸಂಬಂಧಿಕರು ಪಾಪ ಎಂದು ಕರೆದು ದುಡ್ಡಿನ ಗಲ್ಲೆಯಲ್ಲಿ ಕೂರಿಸಿದರು. ಆರನೆಯ ದಿನ ಗಿರಾಕಿಗಳು ಬಿಲ್ಲು ಹಿಡಿದು ಸಾಲಿನಲ್ಲಿ ನಿಂತಿದ್ದರೆ ಇವರು ಅಡುಗೆಮನೆಯಲ್ಲಿ ರುಬ್ಬುವ ಯಂತ್ರವನ್ನು ಬಿಚ್ಚಿ ಹಾಕಿಕೊಂಡು ಕುಳಿತಿದ್ದರು. ಅಲ್ಲಿಗೆ ಅದೂ ಮುಗಿಯಿತು. ನಾನು ಸೀರೆಗೆ ಫಾಲ್ ಹಾಕಿ, ರವಿಕೆ ಹೊಲಿದು ಮನೆ ನಡೆಸಿದೆ.

ಈ ಕಾರು ಮನೆಗೆ ಬಂದದ್ದು ಕಿಣಿ ಸಾಹೇಬರಿಂದ. ಸರ್ವೋತ್ತಮ ಕಿಣಿಯವರು ಟೂಲ್ ರೂಮಿನ ಮುಖ್ಯಸ್ಥರಾಗಿದ್ದವರು. ಮುಂಬಯಿ ಬಿಟ್ಟು ಹೋಗುವಾಗ ಮನೆ ಖಾಲಿ ಮಾಡುತ್ತಾ ಇವರನ್ನು ಕರೆದು ಒಂದು ದೊಡ್ಡ ಪೆಟ್ಟಿಗೆ ಕೊಟ್ಟರು. ಎಂದೋ ಇಟಲಿಗೆ ಹೋದಾಗ ಆಸೆಪಟ್ಟು ತಂದು, ಒಂದು ಪೊಟ್ಟಣ ಮಾತ್ರ ಒಡೆದು ಅಟ್ಟದಲ್ಲಿಟ್ಟದ್ದಂತೆ. ಒಳಗೆ ತೊಂಬತ್ತು ವರ್ಷ ಹಿಂದಿನ ಒಂದು ಫ್ರೆಂಚ್ ರೇಸ್ ಕಾರಿನ ಮಾದರಿ, ಬಿಡಿ ಬಿಡಿಯಾಗಿ. ಅಸಲಿ ಕಾರಿನ ಎಂಟನೆಯ ಒಂದು ಪಾಲು ಗಾತ್ರ. ಸಾವಿರದಷ್ಟು ತುಂಡುಗಳು, ಅದರಲ್ಲಿ ಕೆಲವು ಇಲ್ಲ, ಕೆಲವು ಸೊಟ್ಟಗಾಗಿವೆ. ಜೋಡಿಸುವ ಕ್ರಮ ಇಟಾಲಿಯನ್ ಭಾಷೆಯಲ್ಲಿದೆ. ಪೆಟ್ಟಿಗೆ ತೆರೆದಾಗ ಇವರ ಮುಖ ನೋಡಬೇಕಿತ್ತು. ಮಗಳು ನಿಶ್ಮಿತಾ ಹುಟ್ಟಿದಾಗ ಕೂಡ ಅಷ್ಟು ಹೊತ್ತು ನೋಡಿರಲಿಲ್ಲ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಲಿಫ್ಟಿಲ್ಲದ ಮೂರನೆಯ ಮಹಡಿ. ಅದರಲ್ಲಿ ನನ್ನ ಹೊಲಿಗೆ ಮೆಷಿನ್, ಹದಿನೇಳರ ಮಗಳ ಕಾಲೇಜಿನ ಪುಸ್ತಕಗಳು, ಈಗ ಕಿಟಕಿಯ ಹತ್ತಿರದ ಒಳ್ಳೆಯ ಬೆಳಕಿನ ಜಾಗದಲ್ಲಿ ಈ ಕಾರು. ನನಗೂ ಅದೇ ಬೆಳಕು ಬೇಕು. ಇಲ್ಲದ ತುಂಡುಗಳಿಗಾಗಿ ಮನೆಯ ಸಾಮಾನು ಒಂದೊಂದೇ ಹೊರಟಿತು. ನನ್ನ ರವಿಕೆಯ ಹುಕ್ಕುಗಳು ಬಾನೆಟ್ಟಿನ ಚಿಲಕಗಳಾದವು. ಮುರಿದ ಕೊಡೆಯ ಕಡ್ಡಿ ಸ್ಟೇರಿಂಗಿನ ಸಲಾಕೆಯಾಯಿತು. ಗಿರಾಕಿಯ ಪರ್ಸಿನಿಂದ ಉಳಿದ ಚರ್ಮದ ತುಂಡು ಡ್ರೈವರನ ಸೀಟಾಯಿತು. ಇಷ್ಟಾಗಿಯೂ ಕಾರು ಮುಂದೆ ಹೋಗುತ್ತಿರಲಿಲ್ಲ. ಹಚ್ಚಿದ್ದನ್ನು ಕೀಳುವುದು, ಬಳಿದದ್ದನ್ನು ಕೆರೆಯುವುದು. ಕೇಳಿದರೆ ಎಡಗಡೆ ಸ್ವಲ್ಪ ಎದ್ದಿದೆ ಎನ್ನುತ್ತಿದ್ದರು.

"ಎಷ್ಟು ಎದ್ದಿದೆ?"

"ಒಂದು ಕಾಗದದಷ್ಟು."

ಒಂದು ಕಾಗದದಷ್ಟು! ನಮ್ಮ ಮನೆಯ ಬಾಗಿಲೇ ಒಂದು ಬೆರಳಿನಷ್ಟು ಎದ್ದು ಮಳೆಗಾಲದಲ್ಲಿ ಮುಚ್ಚುತ್ತಿರಲಿಲ್ಲ. ಅದು ಅವರ ಕಣ್ಣಿಗೆ ಬೀಳಲಿಲ್ಲ. ನಾನು ತಲೆ ಚಚ್ಚಿಕೊಂಡರೆ ನಿಶ್ಮಿತಾ, "ಮಮ್ಮಿ, ರೆಹನೇ ದೋ ನಾ, ಪಪ್ಪಾ ಖುಷ್ ಹೈ," ಎನ್ನುತ್ತಿದ್ದಳು. ಪಪ್ಪಾ ಖುಷಿಯಾಗಿದ್ದರೆ ಸಂಜೆಯ ಅನ್ನ ಬೇಯುತ್ತದೆಯೇ ಎಂದು ನಾನು ಅವಳ ಮೇಲೂ ಹಾರುತ್ತಿದ್ದೆ.

2010ರ ಸೆಪ್ಟೆಂಬರಿನಲ್ಲಿ ಜಯಶೀಲ ಬಂದ. ತುರ್ಭೆಯಲ್ಲಿ ಇವರ ಜೊತೆಗಿದ್ದವ, ಈಗ ಕಲ್ಯಾಣದಲ್ಲಿರುತ್ತಾನೆ. ಮಹಾಪೆಯಲ್ಲಿ ಒಂದು ವರ್ಕ್‌ಶಾಪ್ ಉಂಟು, ದೊಡ್ಡ ಕಂಪೆನಿಗಳು ಹೊಸ ಯಂತ್ರ ಮಾಡುವ ಮೊದಲು ಅದರ ಸಣ್ಣ ಮಾದರಿಯನ್ನು ಅಲ್ಲಿಯೇ ಮಾಡಿಸುತ್ತವೆ, ಅಲ್ಲಿ ಕೈ ಪಳಗಿದ ಒಬ್ಬ ಮನುಷ್ಯ ಬೇಕಂತೆ ಎಂದ.

"ಸರ್ಟಿಫಿಕೇಟು ಕೇಳ್ತಾರಾ?" ನಾನೇ ಬಾಯಿ ಹಾಕಿದೆ.

"ಇಲ್ಲ ವಿನೋದಕ್ಕ. ಆ ಮಾಲೀಕ ಬೇರೆ ಥರದ ಮನುಷ್ಯ. ನಿನ್ನ ಕೈಯಲ್ಲಿ ಮಾಡಿದ್ದು ಒಂದು ತಂದು ತೋರಿಸು ಅಂತಾನೆ, ಅಷ್ಟೇ. ಚೆನ್ನಯಣ್ಣ, ದಸರಾ ಕಳೆದು ಸೋಮವಾರ ಹೋಗಿ. ಈ ಕಾರನ್ನೇ ತಕೊಂಡು ಹೋಗಿ."

ಅಲ್ಲಿಗೆ ನನ್ನ ಶತ್ರುವಾಗಿದ್ದ ಆ ಕಾರು ಒಂದೇ ದಿನದಲ್ಲಿ ನನ್ನ ಮನೆದೇವರಾಯಿತು. ಇವರ ಇಪ್ಪತ್ತನಾಲ್ಕು ವರ್ಷದ ಕೆಲಸಕ್ಕೆ ಅದೊಂದೇ ಸಾಕ್ಷಿ. ಸೋಮವಾರದ ಒಳಗೆ ಮುಗಿಯಬೇಕು. ನಾನು ಕಿಟಕಿಯ ಬೆಳಕು ಬಿಟ್ಟುಕೊಟ್ಟೆ, ಹುಕ್ಕಿನ ಡಬ್ಬವನ್ನೇ ಅವರ ಮುಂದೆ ಇಟ್ಟೆ. ಆಯಿತಾ ಎಂದು ದಿನಕ್ಕೆ ಹತ್ತು ಸಲ ಕೇಳಿದೆ. ಹತ್ತು ಸಲವೂ ಅದೇ 'ನೋಡುವ' ಬಂತು. ಕೊನೆಗೆ ದಸರಾ ವಾರದ ಗುರುವಾರ ಬಾನೆಟ್ಟಿಗೆ ನೀಲಿ ಬಣ್ಣದ ಕಡೆಯ ಸುತ್ತು ಹೊಡೆದು ಮುಗಿಸಿದರು. ನಾಲ್ಕು ಚಕ್ರಗಳ ಮೇಲೆ ನಿಂತ ಕಾರನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ನಮ್ಮ ಗಾಳಣಿ ಅದರ ಮೂಗಿನಲ್ಲಿ ಹೊಳೆಯುತ್ತಿತ್ತು. ಚಂದವಿತ್ತು, ಸುಳ್ಳು ಹೇಳುವುದಿಲ್ಲ.

ಶನಿವಾರ ಆಯುಧಪೂಜೆ. ತುರ್ಭೆಯ ಕಾರ್ಖಾನೆ ಇದ್ದಾಗ ಆ ದಿನ ಹೆಂಡತಿ ಮಕ್ಕಳನ್ನೂ ಒಳಗೆ ಬಿಡುತ್ತಿದ್ದರು. ಇವರು ಬಿಳಿ ಅಂಗಿ ಹಾಕಿ, ತಮ್ಮ ಮೇಜಿಗೆ ಗೊಂಡೆ ಹೂವಿನ ಮಾಲೆ ಕಟ್ಟಿ, ಅರ ಇಕ್ಕಳಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಕುಂಕುಮ ಇಡುತ್ತಿದ್ದರು. ಅಲ್ಲಿ ಇವರೊಬ್ಬ ದೊಡ್ಡ ಮನುಷ್ಯ. ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷವೂ ಆ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಪೂಜೆ ಆದದ್ದು ನನ್ನ ಹೊಲಿಗೆ ಮೆಷಿನ್ನಿಗೆ ಮಾತ್ರ. ಈ ಸಲ ಹಾಗಾಗಬಾರದು ಎಂದು ನನಗೆ ಆಸೆಯಾಯಿತು. ಕಾರನ್ನು ಇಟ್ಟು ಒಯ್ಯಲು ಗಟ್ಟಿ ಪೆಟ್ಟಿಗೆ ಬೇಕೆಂದು ಇವರು ಬೆಳಿಗ್ಗೆಯೇ ಕಲ್ಯಾಣಕ್ಕೆ ಜಯಶೀಲನ ಮನೆಗೆ ಹೋದರು. ಬರುವಷ್ಟರಲ್ಲಿ ಎಲ್ಲ ಸಿದ್ಧ ಮಾಡಿಡೋಣವೆಂದು ನಾನು ಮಾರ್ಕೆಟ್ಟಿಗೆ ಓಡಿ ಗೊಂಡೆ ಹೂ, ಬಾಳೆಹಣ್ಣು, ನಾಲ್ಕು ನಿಂಬೆಹಣ್ಣು ತಂದೆ.

ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಕಾರನ್ನು ಇಟ್ಟೆ. ಸುತ್ತಲೂ ಅವರ ಅರ, ಇಕ್ಕಳ, ಚಿಮಟ. ಎಲ್ಲಕ್ಕೂ ಗಂಧ ಕುಂಕುಮ ಇಟ್ಟೆ, ಬಾನೆಟ್ಟಿಗೂ ಮೂರು ಬೆರಳಿನಲ್ಲಿ ದೊಡ್ಡದಾಗಿ ಹಚ್ಚಿದೆ. ಆರತಿ ಆಯಿತು. ಗಾಡಿ ಎಂದ ಮೇಲೆ ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟು ಹಾಯಿಸಬೇಕಲ್ಲ. ರಿಕ್ಷಾಕ್ಕೆ ಮಾಡುತ್ತಾರೆ, ಲಾರಿಗೆ ಮಾಡುತ್ತಾರೆ, ಕೆಲಸ ತರಬೇಕಾದ ಈ ಗಾಡಿಗೆ ಬಿಡುವುದುಂಟೆ? ಎಲ್ಲಕ್ಕಿಂತ ಸಣ್ಣ ಎರಡನ್ನು ಆರಿಸಿ ಮುಂದಿನ ಚಕ್ರಗಳ ಎದುರು ಇಟ್ಟು ಮೆಲ್ಲಗೆ ತಳ್ಳಿದೆ. ಕಾರಿಗೆ ತೂಕವೇ ಇಲ್ಲ, ಹೋಗಿ ತಾಗಿ ನಿಂತಿತು. ನಿಂಬೆಹಣ್ಣು ಒಡೆಯದಿದ್ದರೆ ಅಪಶಕುನ. ಸೋಮವಾರದ ಕೆಲಸ ಅಲ್ಲಿಯೇ ತಪ್ಪಿಹೋಗುತ್ತದೆ ಎಂದು ಹೆದರಿದೆ. ಕಾರನ್ನು ಹಣ್ಣಿನ ಮೇಲೆ ಹತ್ತಿಸಿ, ಬಾನೆಟ್ಟಿನ ಮೇಲೆ ಅಂಗೈ ಊರಿ ಒತ್ತಿದೆ.

ನಿಂಬೆಹಣ್ಣು ಒಡೆಯಿತು. ಚಕ್ರವೂ ಹೋಯಿತು. ಟಪ್ ಎಂದು ಮುಂದಿನ ಅಚ್ಚುಗೋಲು ಕಳಚಿ, ಎರಡೂ ಚಕ್ರಗಳು ಕಡ್ಡಿ ಸಮೇತ ಮಡಚಿಕೊಂಡವು. ಅಂಗೈ ಎತ್ತಿ ನೋಡಿದರೆ, ಇನ್ನೂ ಪೂರ್ತಿ ಗಟ್ಟಿಯಾಗದ ನೀಲಿ ಬಣ್ಣದೊಳಗೆ ಕುಂಕುಮದ ಮೂರು ಬೆರಳೂ ಊರಿಕೊಂಡಿದ್ದವು.

"ಮಮ್ಮಿ, ಯೇ ಕ್ಯಾ ಕಿಯಾ ತೂನೇ?" ಎಂದು ನಿಶ್ಮಿತಾ ಬಾಯಿಗೆ ಕೈ ಇಟ್ಟುಕೊಂಡಳು.

ಇವರು ಬಂದರು. ಪೆಟ್ಟಿಗೆಯನ್ನು ಕೆಳಗಿಟ್ಟರು, ಚಪ್ಪಲಿ ಬಿಟ್ಟರು, ಮೊದಲು ಮಣೆಯ ಮುಂದೆ ನಿಂತು ಕೈ ಮುಗಿದರು. ಆಮೇಲೆ ಬಗ್ಗಿ ಚಕ್ರ ನೋಡಿದರು. ಬೈಯಲಿ, ಎರಡು ಏಟು ಬೇಕಾದರೂ ಹೊಡೆಯಲಿ ಎಂದು ನಾನು ಕಾದೆ. ಒಂದು ವರ್ಷದಿಂದ ನಾನು ಅವರಿಗೆ ಕೊಟ್ಟ ಮಾತಿನೇಟುಗಳಿಗೆಲ್ಲ ಸೇಡು ತೀರಿಸಲು ಅದೇ ಹೊತ್ತು.

"ಪೂಜೆ ಚಂದ ಆಗಿದೆ," ಎಂದರು.

"ಎಂತ ಚಂದ! ಸೋಮವಾರಕ್ಕೆ ಎಂತ ಮಾಡ್ತೀರಿ? ಕೂತ್ಕೊಳ್ಳಿ, ಈಗಲೇ ರಿಪೇರಿ ಸುರು ಮಾಡಿ!"

"ಇವತ್ತು ಆಗುದಿಲ್ಲ ಮಾರಾಯ್ತಿ. ಪೂಜೆಗೆ ಕೂತ ಆಯುಧ ಅಲ್ವಾ? ನಾಳೆ ಬೆಳಿಗ್ಗೆವರೆಗೆ ಮುಟ್ಟಲಿಕ್ಕಿಲ್ಲ."

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಡೀ ಮನೆಯಲ್ಲಿದ್ದ ಅರ, ಇಕ್ಕಳ, ಚಿಮಟ ಎಲ್ಲವನ್ನೂ ನಾನೇ ಕುಂಕುಮ ಹಚ್ಚಿ ಮಣೆಯ ಮೇಲೆ ಕೂರಿಸಿದ್ದೆ. ಟೂಲ್ ರೂಮಿನಲ್ಲಿ ಇಪ್ಪತ್ತನಾಲ್ಕು ವರ್ಷ ಪಾಲಿಸಿದ ಕ್ರಮವನ್ನು ಇವರು ಇವತ್ತು ಬಿಡುವವರಲ್ಲ. ದೇವರು ಕ್ಷಮಿಸುತ್ತಾನೆ ಎಂದೆ, ತಪ್ಪುಕಾಣಿಕೆ ಹಾಕೋಣ ಎಂದೆ, ಅತ್ತೆ ಕೂಡ. ಇವರು ಪ್ರಸಾದದ ಬಾಳೆಹಣ್ಣು ಸುಲಿದು ತಿಂದು, ಅಡ್ಡಬಿದ್ದ ಕಾರನ್ನು ನೋಡುತ್ತಾ ಇಡೀ ಮಧ್ಯಾಹ್ನ ಸುಮ್ಮನೆ ಕುಳಿತರು. ಅವರ ಕೈಗಳು ಮಾತ್ರ ಮಡಿಲಲ್ಲಿ ಸುಮ್ಮನಿರಲಿಲ್ಲ. ಬೆರಳುಗಳು ಆಗಲೇ ಕಡ್ಡಿ ಬಿಚ್ಚುತ್ತಿದ್ದವು.

ದಶಮಿಯ ದಿನ, ಆದಿತ್ಯವಾರ, ಬೆಳಿಗ್ಗೆ ಆರಕ್ಕೆ ಹೂ ತೆಗೆದು, ಕೈ ಮುಗಿದು ಕೆಲಸಕ್ಕೆ ಕೂತರು. ಒಂದು ಚಕ್ರಕ್ಕೆ ಎಪ್ಪತ್ತೆರಡು ಕಡ್ಡಿ, ಸೂಜಿಗಿಂತ ಸಪೂರ. ಒಂದೊಂದನ್ನೂ ಒಂದರ ಮೇಲೊಂದು ಹಾಯಿಸಿ ಬಳೆಗೆ ಸಿಕ್ಕಿಸಬೇಕು. ಅಚ್ಚುಗೋಲನ್ನು ಕೂರಿಸುವುದಕ್ಕೇ ಅರ್ಧ ದಿನ ಬೇಕು. ಎರಡೂ ಒಬ್ಬರಿಂದ ಆಗುವ ಮಾತಲ್ಲ.

"ನೀನು ಶಂಕರಪುರದಲ್ಲಿ ಮಲ್ಲಿಗೆ ಕಟ್ತಾ ಇದ್ದೆ ಅಲ್ವಾ?" ಎಂದರು ತಟ್ಟನೆ.

ಕಟ್ಟುತ್ತಿದ್ದೆ. ಮದುವೆಗೆ ಮುಂಚೆ ತವರಿನಲ್ಲಿ ಹತ್ತು ವರ್ಷ ಬೆಳಿಗ್ಗೆ ಎದ್ದು ಬಾಳೆನಾರಿನಲ್ಲಿ ಸಾವಿರಗಟ್ಟಲೆ ಮೊಗ್ಗು ಕಟ್ಟಿದ ಬೆರಳು ಇವು.

"ಅದೇ ಕೆಲಸ. ಎಳೆದರೆ ಬಿಗಿ ಇರಬೇಕು, ಮೊಗ್ಗು ಮುರಿಯಬಾರದು. ಕೂತ್ಕೋ."

ಕೂತೆ. ಮೊದಲ ಚಕ್ರವನ್ನು ಎರಡೂವರೆ ಗಂಟೆಯಲ್ಲಿ ಕಟ್ಟಿ ಹೆಮ್ಮೆಯಿಂದ ಕೊಟ್ಟೆ. ಇವರು ಅದನ್ನು ಸೂಜಿಯ ಮೇಲಿಟ್ಟು ತಿರುಗಿಸಿ ಕಣ್ಣು ಕಿರಿದು ಮಾಡಿದರು.

"ಸ್ವಲ್ಪ ಓಲಾಡ್ತದೆ."

"ಎಷ್ಟು?"

"ಒಂದು ಕಾಗದದಷ್ಟು."

ಆ ಚಕ್ರವನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು. ಆದರೆ ನಾನೂ ಕಣ್ಣು ಕಿರಿದು ಮಾಡಿ ನೋಡಿದೆ. ಹೌದು, ಓಲಾಡುತ್ತಿತ್ತು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಒಂದು ವರ್ಷ ಈ ಮನುಷ್ಯ ಯಾಕೆ ಹಚ್ಚಿದ್ದನ್ನು ಕಿತ್ತು, ಕಿತ್ತದ್ದನ್ನು ಹಚ್ಚಿ ಕುಳಿತಿದ್ದರೆಂದು ಅವತ್ತು ಗೊತ್ತಾಯಿತು. ಹಾಗೆಂದು ಸಿಟ್ಟು ಇಳಿಯಲಿಲ್ಲ, ಈಗ ಅದು ನನ್ನ ಮೇಲೆಯೇ ತಿರುಗಿತು. ಊಟಕ್ಕೆ ಅವತ್ತು ನಿಶ್ಮಿತಾ ವಡಾಪಾವ್ ತಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡನೆಯ ಚಕ್ರವೂ ಸರಿಯಾಗಿ ತಿರುಗಿತು.

"ಬಾನೆಟ್ಟಿನ ಕುಂಕುಮಕ್ಕೆ ಒಂದು ಕೈ ಬಣ್ಣ ಹೊಡೀರಿ," ಎಂದೆ.

"ನಾಳೆಗೆ ಒಣಗುದಿಲ್ಲ. ಮತ್ತೆ, ಪೂಜೆಯದ್ದು ಒರೆಸುದುಂಟಾ? ತನ್ನಿಂದ ತಾನೇ ಹೋಗಬೇಕು ಅದು."

"ಆ ಮಾಲೀಕ ಎಂತ ಹೇಳಿಯಾನು, ಒಳ್ಳೆ ಕಾರಿಗೆ ಕಲೆ ಮಾಡಿ ತಂದಿದ್ದೀರಿ ಅಂತ?"

"ನೋಡುವ."

ಸೋಮವಾರ ಲೋಕಲ್ ರೈಲಿನ ನೂಕುನುಗ್ಗಲು ಬೇಡವೆಂದು ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಶೀಲ್‌ಫಾಟಾ ದಾರಿಯಾಗಿ ಮಹಾಪೆಗೆ ಹೋಗುವ ಬಸ್ಸು ಹತ್ತಿದರು. ಹನ್ನೊಂದಕ್ಕೆ ಹೋಗಿ ತೋರಿಸುವುದು, ಒಂದಕ್ಕೆ ಮನೆಗೆ ಬರಬೇಕಿತ್ತು. ಒಂದಾಯಿತು, ಮೂರಾಯಿತು, ಐದಾಯಿತು. ಫೋನು ಮಾಡಿದರೆ ಬಂದ್. ಯಾರದೋ ಮದುವೆಯ ರವಿಕೆಗೆ ಎರಡೂ ತೋಳು ಬಲಗಡೆಯದ್ದೇ ಹೊಲಿದೆ. ಕೆಲಸ ಸಿಗದೆ ಎಲ್ಲೋ ಕಟ್ಟೆಯ ಮೇಲೆ ಕುಳಿತಿದ್ದಾರೆ, ಮುಖ ತೋರಿಸಲಾಗದೆ ಕುಳಿತಿದ್ದಾರೆ, ನನ್ನ ಅಂಗೈಯಿಂದಲೇ ಹೀಗಾಯಿತು ಎಂದುಕೊಳ್ಳುತ್ತಾ ತಪ್ಪಿದ ತೋಳನ್ನು ಬಿಚ್ಚಿದೆ. ಆರೂವರೆಗೆ ಮೆಟ್ಟಿಲಲ್ಲಿ ಅವರ ಹೆಜ್ಜೆ ಕೇಳಿತು.

ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟರು. ಕಾಲು ತೊಳೆದರು. ಕೂತರು.

"ಎಂತ ಹೇಳಿದರು?"

"ಚಕ್ರ ತಿರುಗಿಸಿ ನೋಡಿದರು. ನಾಲ್ಕನ್ನೂ. ಇದು ಕಟ್ಟಲಿಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಕೇಳಿದರು. ಹಿಂದಿನದ್ದು ನನ್ನದು, ಮುಂದಿನದ್ದು ನನ್ನ ಹೆಂಡತಿ ಕಟ್ಟಿದ್ದು ಅಂತ ಹೇಳಿದೆ."

"ಅಯ್ಯೋ ದೇವರೇ, ಅದನ್ನು ಯಾಕೆ ಹೇಳಿದ್ರಿ? ನಿಮ್ಮ ಕೆಲಸ ನೋಡಲಿಕ್ಕೆ ಕರೆದದ್ದಲ್ವಾ?"

"ನಾನು ಮಾಡದ್ದನ್ನು ನಾನು ಮಾಡಿದ್ದು ಅಂತ ಹೇಳುದಾ?"

"ಕುಂಕುಮಕ್ಕೆ ಎಂತ ಅಂದರು?"

"ಎಂತ ಇಲ್ಲ. ಅವರ ಮೆಷಿನ್ನುಗಳಲ್ಲಿ ಕೂಡ ಇತ್ತು. ಮಾಲೆಯೂ ಹಾಗೇ ಇತ್ತು. ಆಮೇಲೆ ಒಂದು ಉಕ್ಕಿನ ತುಂಡು, ಒಂದು ಅರ ಕೊಟ್ಟು ಚೌಕ ಮಾಡು ಅಂದರು. ಮಾಡ್ತಾ ಕೂತೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ."

"ಮತ್ತೆ? ಕೆಲಸ?"

ಈ ಮನುಷ್ಯನಿಂದ ಒಂದು ಮಾತು ಹೊರಡಿಸುವುದಕ್ಕೆ ಇಕ್ಕಳವೇ ಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಿಯ ಕಿಸೆಯಿಂದ ಪೇಪರಿನಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದೆ. ಹೊಸ ಸ್ಟೀಲಿನ ಗಾಳಣಿ.

ಒಂದು ವರ್ಷದ ಹಿಂದೆ ಸಿಟ್ಟಿನಲ್ಲಿ ಎಸೆದ ಮಾತು. ನಾನು ಅದನ್ನು ಮರೆತಂತೆ ಮಾಡಿದ್ದೆ, ಅವರು ಒಂದು ಸಲವೂ ನೆನಪಿಸಿರಲಿಲ್ಲ. ದಿನಾ ಎರಡು ಹೊತ್ತು ನಾನು ಪಂಚೆಯ ತುಂಡು ಹಿಂಡಿ ಕೊಟ್ಟ ಚಹಾವನ್ನು ಸುಮ್ಮನೆ ಕುಡಿದಿದ್ದರು. ಆ ದಿನ ಬರಲೆಂದು ಕಾಯುತ್ತಿದ್ದರು ಎಂದು ನನಗೇನು ಗೊತ್ತು? ಗಾಳಣಿಯನ್ನು ಎದೆಗೆ ಒತ್ತಿಕೊಂಡು ನಾನು ಅತ್ತೆ. ಬಾಗಿಲಲ್ಲಿ ನಿಂತಿದ್ದ ನಿಶ್ಮಿತಾ ಗಾಬರಿಯಾಗಿ, "ಕ್ಯಾ ಹುವಾ? ಜಾಬ್ ನಹೀ ಮಿಲಾ?" ಎಂದಳು.

"ಸಿಕ್ಕಿತು. ನಾಳೆ ಎಂಟಕ್ಕೆ ಹೋಗಬೇಕು," ಎಂದರು ಇವರು.

ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಟ್ಟೆ. ಸೋಸಿ ತಂದು ಅವರ ಮುಂದಿಟ್ಟೆ. ಅವರು ಲೋಟ ಮುಟ್ಟಲಿಲ್ಲ. ನನ್ನ ಕೈಯಿಂದ ಗಾಳಣಿಯನ್ನು ತೆಗೆದುಕೊಂಡು, ಚಹಾಪುಡಿ ಕೊಡವಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

"ಇದರ ಜಾಲರಿ ಹಳೆಯದಕ್ಕಿಂತ ಸಣ್ಣ ಉಂಟು, ನೋಡು. ರೇಡಿಯೇಟರಿಗೆ ಅಸಲು ಇದೇ ಸರಿ."

ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. ಅವತ್ತಿನಿಂದ ನಮ್ಮ ಮನೆಯ ಗಾಳಣಿ ಇರುವುದು ಕಪಾಟಿನೊಳಗೆ, ನನ್ನ ಕರಿಮಣಿಯ ಡಬ್ಬದ ಪಕ್ಕದಲ್ಲಿ. ದಿನಕ್ಕೆ ಎರಡು ಸಲ ಬೀಗ ತೆಗೆದು ಚಹಾ ಸೋಸುತ್ತೇನೆ, ತೊಳೆದು ಒರೆಸಿ ಮತ್ತೆ ಬೀಗ ಹಾಕುತ್ತೇನೆ. ಬೀಗದ ಕೈ ನನ್ನ ಸೊಂಟದಲ್ಲಿದೆ.